ಕೇಳಿ, ಹೇಳ್ತೀನಿ: ಆ ಅರ್ಧ ಗಂಟೆ ಎಲ್ಲಿ ಹೋಯ್ತು?

ಹೋದ ತಿಂಗಳು ಇಲ್ಲಿ ಗಿಟ್ ಲೈಬ್ರರಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗಿಟ್ ಗೊತ್ತಲ್ವಾ, ಕೋಡ್‌ನ ಹಳೆಯ ರೂಪಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳುವ ತಂತ್ರಾಂಶ, 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಆ ಕೆಲಸವನ್ನು ನಮ್ಮ ಪ್ರೋಗ್ರಾಂ ಒಳಗಿನಿಂದಲೇ ಮಾಡಿಸಲು ಸಿ ಭಾಷೆಯಲ್ಲಿ ಲಿಬ್‌ಗಿಟ್2, ಜಾವಾದಲ್ಲಿ ಜೆಗಿಟ್, ಪೈಥಾನ್‌ನಲ್ಲಿ ಡಲ್ವಿಚ್, ಹೀಗೆ ಬೇರೆ ಬೇರೆ ಲೈಬ್ರರಿಗಳಿವೆ. ಇಂಥವುಗಳಲ್ಲಿ ಬಗ್ ಸರಿ ಮಾಡಲು ಕೂತವರು ನಮ್ಮ ಜಿಲ್ಲೆಯಲ್ಲೇ ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಮಳೆಗಾಲ, ಹೊರಗೆ ಕಾಲಿಡೋ ಹಾಗಿಲ್ಲ, ಅದಕ್ಕೇ ಇರಬೇಕು. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಳಸುವ ಒಂದು ಪುಟ್ಟ ಪೈಥಾನ್ ಲೈಬ್ರರಿಯಲ್ಲಿ ಬಗ್ ಸಿಕ್ಕಿತು. ನನ್ನ ಕಮಿಟ್ ಒಂದನ್ನು (ಗಿಟ್‌ನಲ್ಲಿ ಉಳಿಸಿದ ಒಂದು ರೂಪವನ್ನು) ಓದಿ, ಏನೂ ಬದಲಿಸದೆ ಹಾಗೇ ವಾಪಸ್ ಬರೆದರೆ ಅದರ ಹ್ಯಾಶ್ (ಒಳಗಿನ ಅಕ್ಷರಗಳಿಂದ ಲೆಕ್ಕ ಹಾಕಿದ ಗುರುತು) ಬೇರೆಯೇ ಬರುತ್ತೆ. ಸರಿ ಮಾಡಿ ಕಳಿಸಿದೆ. ನೋಡಿಕೊಳ್ಳುವವರು ಕೋಡ್ ಬಗ್ಗೆ ಒಂದು ಮಾತೂ ಹೇಳದೆ ‘ಟೆಸ್ಟ್ ಎಲ್ಲಿ?’ ಎಂದು ಕೇಳಿದ್ದಾರೆ. ಕೋಡ್ ಸರಿಯಿದ್ದ ಮೇಲೆ, ಅದನ್ನು ಪರೀಕ್ಷಿಸುವ ಇನ್ನೊಂದು ಕೋಡ್, ಅದೇ ಈ ಟೆಸ್ಟ್, ಯಾಕೆ? ಕೋಡ್ ಜೊತೆಗಿಟ್ಟಿದ್ದೇನೆ.
– ಬಿಸಿಎ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕೋಪ ಮಾಡ್ಕೋಬೇಡಿ, ಅವರು ಕೇಳಿದ್ದು ಸರಿಯಾಗಿಯೇ ಇದೆ. ಯಾಕೆ ಅಂತ ನಿಮ್ಮ ಬಗ್‌ನಲ್ಲೇ ತೋರಿಸ್ತೀನಿ, ಯಾಕಂದ್ರೆ ಇದು ಬಹಳ ಚೆಂದದ ಬಗ್.

ಕಮಿಟ್ ಒಳಗೆ ಬರೆದವರ ಹೆಸರು, ಇಮೇಲ್ ಆದ ಮೇಲೆ ಎರಡು ಸಂಖ್ಯೆ ಇರುತ್ತವೆ. ಒಂದು, 1970ರಿಂದ ಈಚೆಗೆ ಎಷ್ಟು ಸೆಕೆಂಡ್ ಆಯಿತು ಅನ್ನೋದು. ಇನ್ನೊಂದು ಟೈಮ್‌ಝೋನ್. ನಮ್ಮದು +0530. ಹ್ಯಾಶ್ ಲೆಕ್ಕ ಹಾಕುವುದು ಈ ಅಕ್ಷರಗಳ ಮೇಲೆಯೇ, ಒಂದು ಅಂಕಿ ಆಚೀಚೆ ಆದರೂ 40 ಅಕ್ಷರದ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ನೀವು ಕಳಿಸಿದ ಹಳೆಯ ಕೋಡ್ +0530 ಅನ್ನು 19800 ಸೆಕೆಂಡ್ ಅಂತ ಸರಿಯಾಗಿಯೇ ಓದುತ್ತದೆ. ಬರೆಯುವಾಗ ಮಾತ್ರ 3600ರಿಂದ ಭಾಗಿಸಿ, ಬಂದ 5 ಅನ್ನು ಇಟ್ಟುಕೊಂಡು, ಉಳಿದದ್ದನ್ನು ಚೆಲ್ಲಿ +0500 ಎಂದು ಬರೆದುಬಿಡುತ್ತದೆ. ನಿಮ್ಮ ಅರ್ಧ ಗಂಟೆ ಹೋಗಿದ್ದು ಅಲ್ಲಿ. ಲಂಡನ್, ಬರ್ಲಿನ್, ಕ್ಯಾಲಿಫೋರ್ನಿಯಾದವರ ಟೈಮ್‌ಝೋನ್ ಎಲ್ಲ ಇಡೀ ಗಂಟೆಯದ್ದು. ಅವರು ಬರೆದ ಟೆಸ್ಟ್‌ನಲ್ಲಿ ಇದು ಸಿಕ್ಕಿಬೀಳುವುದು ಹೇಗೆ? ವರ್ಷಗಟ್ಟಲೆ ಎಲ್ಲ ಹಸಿರಾಗೇ ಓಡಿರುತ್ತದೆ. ಅದು ಕೈಗೆ ಸಿಗೋಕೆ ಶಿವಮೊಗ್ಗದಿಂದ ಯಾರಾದರೂ ಕಮಿಟ್ ಮಾಡಬೇಕಿತ್ತು.

ಈಗ ನಿಮ್ಮ ಪರಿಹಾರಕ್ಕೆ ಬರೋಣ. ಬರೆಯುವ ಭಾಗ ಸರಿ ಮಾಡಿದ್ದೀರಿ. ಅದರ ಜೊತೆಗೆ ಓದುವ ಭಾಗವನ್ನೂ ಚೊಕ್ಕ ಮಾಡೋಣ ಅಂತ 100ರಿಂದ ಭಾಗಿಸಿ ಗಂಟೆ, ಶೇಷದಿಂದ ನಿಮಿಷ ಅಂತ ಬರೆದಿದ್ದೀರಿ. +0530ಕ್ಕೆ 5 ಗಂಟೆ, 30 ನಿಮಿಷ, ಲೆಕ್ಕ ಸರಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನದು -0330. ಪೈಥಾನ್‌ನಲ್ಲಿ -330ನ್ನು 100ರಿಂದ ಎರಡು ಗೆರೆಯ (//) ಭಾಗಾಕಾರ ಮಾಡಿ ನೋಡಿ, -3 ಬರುವುದಿಲ್ಲ, ಕೆಳಕ್ಕೆ ಇಳಿದು -4 ಬರುತ್ತದೆ, ಶೇಷ 70. ಅಂದರೆ ಮೈನಸ್ 240ಕ್ಕೆ 70 ಕೂಡಿಸಿ ಮೈನಸ್ 170 ನಿಮಿಷ. ಇರಬೇಕಾದದ್ದು ಮೈನಸ್ 210. ನಮ್ಮ ಅರ್ಧ ಗಂಟೆ ಉಳಿಸಲು ಹೋಗಿ ಅವರ 40 ನಿಮಿಷ ನುಂಗಿದ್ದೀರಿ ಮಾರಾಯ್ರೆ! ಚಿಹ್ನೆಯನ್ನು ಮೊದಲೇ ಬೇರೆ ತೆಗೆದಿಟ್ಟು, ಉಳಿದ ನಾಲ್ಕು ಅಂಕಿಯನ್ನು ಎರಡೆರಡಾಗಿ ಕತ್ತರಿಸಿ ಓದಿ, ಕೊನೆಗೆ ಚಿಹ್ನೆ ಹಚ್ಚಿ.

ಇನ್ನೊಂದು ಇದೆ. ಕೆಲವು ಹಳೆಯ ಕಮಿಟ್‌ಗಳಲ್ಲಿ -0000 ಅಂತ ಇರುತ್ತದೆ. ಅದನ್ನು ಸಂಖ್ಯೆ ಮಾಡಿದ ಕೂಡಲೇ ಸೊನ್ನೆಯಾಗಿ, ಮೈನಸ್ ಮಾಯವಾಗಿ, ವಾಪಸ್ ಬರೆದಾಗ +0000 ಆಗುತ್ತದೆ. ಹ್ಯಾಶ್ ಕೆಟ್ಟಿತು. ಡಲ್ವಿಚ್‌ನಲ್ಲಿ ಈ ಮೈನಸ್ ಸೊನ್ನೆಯನ್ನು ನೆನಪಿಟ್ಟುಕೊಳ್ಳಲೆಂದೇ ಬೇರೆ ಗುರುತು ಇಟ್ಟಿದ್ದಾರೆ.

ಹಾಗಾಗಿ ಟೆಸ್ಟ್ ಹೀಗಿರಲಿ. +0000, -0000, +0530, ನೇಪಾಳದ +0545, -0330, ಈ ಐದಕ್ಕೂ ಕಮಿಟ್ ಓದಿ, ಬರೆದು, ಅಕ್ಷರ ಅಕ್ಷರ ಹೋಲಿಸಿ. ಹ್ಯಾಶ್ ಎಷ್ಟು ಬರಬೇಕು ಅನ್ನೋದನ್ನು ನಿಮ್ಮ ಲೈಬ್ರರಿಯಿಂದಲೇ ಕೇಳಬೇಡಿ, ಅಸಲಿ ಗಿಟ್‌ನಿಂದ ಒಮ್ಮೆ ತೆಗೆದು ಟೆಸ್ಟ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಕಳ್ಳನ ಹತ್ತಿರವೇ ಸಾಕ್ಷಿ ಕೇಳಿದ ಹಾಗೆ. ಆಮೇಲೆ, ನಿಮ್ಮ ಪರಿಹಾರ ಹಾಕುವ ಮೊದಲು ಹಳೆಯ ಕೋಡ್ ಮೇಲೆ ಈ ಟೆಸ್ಟ್ ಓಡಿಸಿ. ಅದು ಬೀಳಬೇಕು. ಬಿದ್ದದ್ದನ್ನು ಕಣ್ಣಾರೆ ನೋಡದ ಟೆಸ್ಟ್ ಅನ್ನು ನಾನಂತೂ ನಂಬುವುದಿಲ್ಲ, ಒಮ್ಮೆ ಮೂರು ತಿಂಗಳು ಪಾಸಾಗುತ್ತಲೇ ಇದ್ದ ನನ್ನದೇ ಟೆಸ್ಟ್‌ನಲ್ಲಿ ಹೋಲಿಸುವ ಸಾಲೇ ಇರಲಿಲ್ಲ.

ಪ್ರಶ್ನೆ: ತಂಗೀ, ತೋಟದ ಲೆಕ್ಕ, ಔಷಧಿ ಹೊಡೆದ ದಿನ ಎಲ್ಲ ಕನ್ನಡದ ಹೆಸರಿನ ಫೈಲ್‌ಗಳಲ್ಲಿ ಬರೆದು ಗಿಟ್‌ನಲ್ಲಿ ಇಡುತ್ತೇನೆ, ಮಗ ಕಲಿಸಿಕೊಟ್ಟ. ‘ತೋಟ’ ಅನ್ನುವ ಫೈಲ್ ಗಿಟ್ ಸ್ಟೇಟಸ್‌ನಲ್ಲಿ (ಬದಲಾದ ಫೈಲ್‌ಗಳ ಪಟ್ಟಿಯಲ್ಲಿ) \340\262\244 ಅಂತ ಏನೇನೋ ತೋರಿಸುತ್ತೆ. ಮಗನ ಹಳೇ ಮ್ಯಾಕ್‌ನಲ್ಲಿ ಅವನೇ ಬರೆದ ಪ್ರೋಗ್ರಾಂ ಅದೇ ಫೈಲನ್ನು ‘ಅಳಿಸಿದೆ’ ಅಂತಲೂ ‘ಹೊಸದು’ ಅಂತಲೂ ಒಟ್ಟಿಗೇ ಹೇಳುತ್ತಂತೆ.
– ಅಡಿಕೆ ಬೆಳೆಗಾರ, ಹೊಸನಗರ ತಾಲೂಕು

ಉತ್ತರ: ಅಣ್ಣಾ, ಮೊದಲನೆಯದು ಬಗ್ಗೇ ಅಲ್ಲ. ಇಂಗ್ಲಿಷ್ ಅಲ್ಲದ ಅಕ್ಷರದ ಬೈಟ್‌ಗಳನ್ನು ಗಿಟ್ ಹೀಗೆ ಎಂಟರ ಲೆಕ್ಕದಲ್ಲಿ ತೋರಿಸುತ್ತದೆ. \340\262\244 ಅಂದರೆ ‘ತ’. ಕೋರ್.ಕೋಟ್‌ಪಾತ್ ಎಂಬ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿ ಕಾಣುತ್ತದೆ.

ಎರಡನೆಯದು ಮಗನಿಗೆ ಕೆಲಸ ಕೊಡುವಂಥದ್ದು. ‘ತೋ’ದಲ್ಲಿರುವ ಓತ್ವದ ಗುರುತನ್ನು, ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಮೊದಲ ‘ತೋಟ’ 9, ಎರಡನೆಯ ‘ತೋಟ’ 15. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತದೆ. ಗಿಟ್‌ಗೆ ಇದು ಗೊತ್ತು, ಕೋರ್.ಪ್ರಿಕಂಪೋಸ್‌ಯೂನಿಕೋಡ್ ಅನ್ನುವ ಸೆಟ್ಟಿಂಗ್ ಇಟ್ಟು ಜೋಡಿಸಿಕೊಳ್ಳುತ್ತದೆ. ಮಗನ ಪ್ರೋಗ್ರಾಂಗೆ ಗೊತ್ತಿಲ್ಲ. ಟೆಸ್ಟ್ ಬರೆಯುವಾಗ ‘ತೋಟ’ ಎಂದು ಟೈಪ್ ಮಾಡಿ ಸುಮ್ನಾಗಬಾರದು, ಎರಡೂ ರೂಪವನ್ನು ಸಂಕೇತ ಸಂಖ್ಯೆಯಲ್ಲೇ ಬರೆಯಬೇಕು ಅಂತ ಹೇಳಿ. ಇಲ್ಲದಿದ್ದರೆ ಯಾವ ರೂಪ ಟೈಪ್ ಆಗಿದೆ ಅಂತ ಓದಿದವರಿಗೆ ಗೊತ್ತೇ ಆಗುವುದಿಲ್ಲ. ಟೆಸ್ಟ್‌ಗಳಲ್ಲಿ ಹೆಚ್ಚಾಗಿ ಫ್ರೆಂಚ್‌ನ ಟೊಪ್ಪಿ ಹಾಕಿದ ‘ಇ’ಯೋ ಜರ್ಮನ್‌ನ ಎರಡು ಚುಕ್ಕಿಯ ‘ಒ’ವೋ ಇರುತ್ತದೆ. ಅವು ಎರಡೇ ತುಂಡಾಗುತ್ತವೆ. ನಮ್ಮ ಓತ್ವ ಮೂರು!

ಪ್ರಶ್ನೆ: ಅಕ್ಕಾ, ನನ್ನ ಟೆಸ್ಟ್ ಹತ್ತು ಸಲ ಓಡಿಸಿದರೆ ಒಂಬತ್ತು ಸಲ ಪಾಸ್, ಒಂದು ಸಲ ಫೇಲ್. ನಡುವೆ ಒಂದು ಸೆಕೆಂಡ್ ಸ್ಲೀಪ್ ಹಾಕಿದೆ, ಸರಿ ಹೋಯ್ತು. ಬಿಟ್ಟುಬಿಡಲಾ?
– ಹೊಸ ಉದ್ಯೋಗಿ, ಸಾಗರದಿಂದಲೇ ಕೆಲಸ

ಉತ್ತರ: ಬಿಡಬೇಡಿ. ಫೈಲ್‌ಗೆ ಒಂದು ಸಲ ಬರೆದು, ಕೂಡಲೇ ಇನ್ನೊಂದು ಸಲ ಬರೆದು, ‘ಬದಲಾಗಿದೆಯಾ’ ಎಂದು ಕೇಳುವ ಟೆಸ್ಟ್ ಅದು ಅಂತ ಬರೆದಿದ್ದೀರಿ. ಹಾಗಿದ್ದರೆ ಇದಕ್ಕೆ ಗಿಟ್‌ನವರು ಇಟ್ಟ ಹೆಸರೇ ಇದೆ, ರೇಸಿ ಗಿಟ್.

ಗಿಟ್ ಪ್ರತಿ ಸಲ ಫೈಲ್ ಬಿಚ್ಚಿ ಓದುವುದಿಲ್ಲ. ಇಂಡೆಕ್ಸ್ ಎಂಬ ತನ್ನ ಪಟ್ಟಿಯಲ್ಲಿ ಬರೆದಿಟ್ಟ ಗಾತ್ರ, ತಿದ್ದಿದ ಸಮಯ ಇವನ್ನು ನೋಡಿ ತೀರ್ಮಾನ ಮಾಡುತ್ತದೆ. ಮಂಡಿಯಲ್ಲಿ ಅಡಿಕೆ ಚೀಲ ಬಿಚ್ಚದೆ ತೂಕ ಮತ್ತು ತಾರೀಖಿನ ಚೀಟಿ ಮಾತ್ರ ನೋಡಿದ ಹಾಗೆ. ಅದೇ ದಿನ, ಅದೇ ತೂಕಕ್ಕೆ, ಒಳಗಿನ ಒಳ್ಳೆಯ ರಾಶಿ ಅಡಿಕೆ ತೆಗೆದು ಅಗ್ಗದ ಗೊರಬಲು ತುಂಬಿದರೆ ಚೀಟಿ ಏನೂ ಹೇಳುವುದಿಲ್ಲ. ನಿಮ್ಮ ಟೆಸ್ಟ್ ‘1’ ಬರೆದು ‘2’ ಬರೆದಿದೆ, ಗಾತ್ರ ಒಂದೇ, ಸಮಯವೂ ಒಮ್ಮೊಮ್ಮೆ ಒಂದೇ ಬೀಳುತ್ತದೆ. ಗಡಿಯಾರದ ಮುಳ್ಳು ಆ ನಡುವೆ ದಾಟಿದರೆ ಪಾಸ್, ಇಲ್ಲದಿದ್ದರೆ ಫೇಲ್.

ಗಿಟ್ ಇದಕ್ಕೆ ಮಾಡಿರುವ ಉಪಾಯ ಸರಳ. ಫೈಲ್‌ನ ಸಮಯ ಇಂಡೆಕ್ಸ್ ಬರೆದ ಸಮಯಕ್ಕಿಂತ ಹಿಂದಿನದು ಅಲ್ಲದಿದ್ದರೆ ಚೀಟಿಯನ್ನು ನಂಬಬೇಡ, ಚೀಲ ಬಿಚ್ಚು. ನಿಮ್ಮ ಲೈಬ್ರರಿಯಲ್ಲಿ ಈ ಹೋಲಿಕೆ ಇಲ್ಲ, ಅಥವಾ ‘ಸಮ’ ಅನ್ನೋದನ್ನು ಬಿಟ್ಟು ‘ಜಾಸ್ತಿ’ ಮಾತ್ರ ನೋಡಿದೆ. ಸ್ಲೀಪ್ ಹಾಕಿ ನೀವು ಮುಚ್ಚಿದ್ದು ಬಳಕೆದಾರರಿಗೆ ನಿಜವಾಗಿ ತಾಗುವ ಬಗ್ ಅನ್ನು. ಉಲ್ಟಾ ಮಾಡಿ. ಎರಡನೇ ಸಲ ಬರೆದ ಮೇಲೆ ಫೈಲ್‌ನ ಸಮಯವನ್ನು ಬೇಕೆಂದೇ ಹಳೆಯದಕ್ಕೆ ತಂದಿಡಿ, ಪೈಥಾನ್‌ನಲ್ಲಿ ಅದಕ್ಕೆ ಓಎಸ್ ಮಾಡ್ಯೂಲ್‌ನ ಯುಟೈಮ್ ಇದೆ. ಇಂಡೆಕ್ಸ್‌ನ ಸಮಯವನ್ನೂ ಅಷ್ಟಕ್ಕೇ ಇಡಿ. ಈಗ ಹತ್ತಕ್ಕೆ ಹತ್ತು ಸಲವೂ ಬೀಳುತ್ತದೆ. ಆಮೇಲೆ ಸರಿ ಮಾಡಿ.

ಗಡಿಯಾರದ್ದಲ್ಲದೆ, ನಿಮ್ಮಲ್ಲಿ ಪಾಸ್, ಸರ್ವರ್‌ನಲ್ಲಿ ಫೇಲ್ ಅನ್ನುವ ತರಹದ್ದಾದರೆ ಮೊದಲು ನಿಮ್ಮ ಹೋಮ್ ಫೋಲ್ಡರ್‌ನ ಗಿಟ್ ಸೆಟ್ಟಿಂಗ್ ಮೇಲೆ ಅನುಮಾನ ಪಡಿ. 2020ರ ಗಿಟ್ 2.28 ಆವೃತ್ತಿಯಿಂದ ಮೊದಲ ಬ್ರಾಂಚ್‌ನ (ಕೋಡ್‌ನ ಕವಲಿನ) ಹೆಸರನ್ನು ಆ ಸೆಟ್ಟಿಂಗ್‌ನಲ್ಲೇ ಬದಲಿಸಿಕೊಳ್ಳಬಹುದು. ಟೆಸ್ಟ್‌ನಲ್ಲಿ ‘ಮಾಸ್ಟರ್’ ಅಂತ ಗಟ್ಟಿಯಾಗಿ ಬರೆದಿದ್ದು, ‘ಮೇನ್’ ಅಂತ ಇಟ್ಟುಕೊಂಡವರ ಕಂಪ್ಯೂಟರ್‌ನಲ್ಲಿ ಬೀಳುತ್ತದೆ. ಪ್ರತಿ ಟೆಸ್ಟ್‌ಗೂ ಖಾಲಿ ಹೋಮ್ ಫೋಲ್ಡರ್ ಕೊಡಿ. ವಿಂಡೋಸ್‌ನಲ್ಲಿ ಮಾತ್ರ ತೊಂದರೆ ಅಂದರೆ ಕೊನೆಯ ಗುಡಿಸುವ ಹಂತ ನೋಡಿ, ಗಿಟ್ ತನ್ನ ಆಬ್ಜೆಕ್ಟ್ ಫೈಲ್‌ಗಳನ್ನು (ಉಳಿಸಿದ ಬರಹ ಇರುವ ಫೈಲ್‌ಗಳನ್ನು) ಓದಲು ಮಾತ್ರ ಅಂತ ಗುರುತು ಹಾಕುತ್ತದೆ, ವಿಂಡೋಸ್ ಅಂಥವನ್ನು ಅಳಿಸಲು ಬಿಡುವುದಿಲ್ಲ.

ಪ್ರಶ್ನೆ: ಕಮಿಟ್ ಮಾಡುವಾಗ ಕರೆಂಟ್ ಹೋಯ್ತು. ಬಂದ ಮೇಲೆ ‘ಇಂಡೆಕ್ಸ್.ಲಾಕ್ ಇದೆ’ ಅಂತು, ಅದನ್ನು ಅಳಿಸಿದೆ. ಈಗ ‘ಆಬ್ಜೆಕ್ಟ್ ಫೈಲ್ ಖಾಲಿ’ ಅಂತಿದೆ. ಇಂಥದ್ದಕ್ಕೆ ಟೆಸ್ಟ್ ಬರೆಯೋದು ಹೇಗೆ, ಮೇನ್ ಸ್ವಿಚ್ ಆರಿಸೋದಾ?
– ಆಗುಂಬೆ ಹತ್ತಿರದ ಓದುಗ

ಉತ್ತರ: ಆಗುಂಬೆಯಲ್ಲಿದ್ದು ಮೇನ್ ಸ್ವಿಚ್ ಆರಿಸುವ ಕಷ್ಟ ನೀವು ಪಡಬೇಕಾಗಿಲ್ಲ, ಅದರಷ್ಟಕ್ಕೇ ಆಗುತ್ತಲ್ಲ.

ಲಾಕ್ ಉಳಿದದ್ದು ಒಳ್ಳೆಯ ಲಕ್ಷಣ. ಗಿಟ್ ಹೊಸ ಇಂಡೆಕ್ಸ್ ಅನ್ನು ಆ ಲಾಕ್ ಫೈಲ್‌ನಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರುತ್ತದೆ. ನಡುವೆ ನಿಂತರೆ ಹಳೆಯದು ಹಾಗೇ ಇರುತ್ತದೆ. ಬೇರೆ ಗಿಟ್ ಓಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಳಿಸಿದರೆ ಸಾಕು. ಖಾಲಿ ಆಬ್ಜೆಕ್ಟ್ ಆಗುವುದು, ಹೆಸರು ಡಿಸ್ಕ್ ಸೇರಿ ಒಳಗಿನ ಬರಹ ಇನ್ನೂ ಸೇರದೆ ಇದ್ದಾಗ. ಮೊದಲು ಇಡೀ ಫೋಲ್ಡರ್ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಖಾಲಿ ಫೈಲ್‌ಗಳನ್ನು ತೆಗೆದು, ಸರ್ವರ್‌ನಿಂದಲೋ ಸ್ನೇಹಿತರ ಪ್ರತಿಯಿಂದಲೋ ಆ ಆಬ್ಜೆಕ್ಟ್‌ಗಳನ್ನು ತಂದು, ಗಿಟ್ ಎಫ್‌ಎಸ್‌ಸಿಕೆ ಓಡಿಸಿ ಏನು ಇನ್ನೂ ಕಾಣೆಯಾಗಿದೆ ನೋಡಿ. ಮುಂದಕ್ಕೆ, 2022ರ 2.36 ಆವೃತ್ತಿಯಿಂದ ಬರೆದದ್ದು ಡಿಸ್ಕ್‌ಗೆ ಇಳಿಯುವವರೆಗೆ ಕಾಯಿಸುವ ಕೋರ್.ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಇದೆ. ಅದನ್ನು ‘ಆಲ್’ ಮಾಡಿ. ಸ್ವಲ್ಪ ನಿಧಾನ, ನಮ್ಮ ಕಡೆಗೆ ಪರವಾಗಿಲ್ಲ.

ಟೆಸ್ಟ್‌ನಲ್ಲಿ ಮಾಡಬೇಕಾದದ್ದು ಇಷ್ಟು: ಬರೆಯುವ ಫಂಕ್ಷನ್ ಜಾಗದಲ್ಲಿ, ಅರ್ಧ ಬರೆದು ‘ತಪ್ಪಾಯ್ತು’ ಅಂತ ನಿಂತುಬಿಡುವ ನಕಲಿ ಫಂಕ್ಷನ್ ಇಡಿ. ಆಮೇಲೆ ಹಳೆಯ ಫೈಲ್ ಒಂದು ಬೈಟೂ ಬದಲಾಗದೆ ಇದೆಯಾ, ಲಾಕ್ ತೆಗೆದಿದೆಯಾ ನೋಡಿ. ಡಿಸ್ಕ್‌ಗೆ ನಿಜವಾಗಿ ಇಳಿದಿದೆಯಾ ಅನ್ನುವುದನ್ನು ಇದು ಹೇಳುವುದಿಲ್ಲ. ಎಫ್‌ಸಿಂಕ್ ಕರೆದಿದೆಯೋ ಇಲ್ಲವೋ ಅಂತ ಮಾತ್ರ ಹಿಡಿಯಬಹುದು.

ಪ್ರಶ್ನೆ: ಹೋದ ವರ್ಷ ಸರಿಯಿದ್ದದ್ದು ಈಗ ಕೆಟ್ಟಿದೆ. ನಡುವೆ ಸಾವಿರ ಕಮಿಟ್. ಒಂದೊಂದೇ ನೋಡಬೇಕಾ?
– ತೀರ್ಥಹಳ್ಳಿ

ಉತ್ತರ: ಬೇಡ. ಗಿಟ್ ಬೈಸೆಕ್ಟ್ ನಡುವಿನಿಂದ ಅರ್ಧರ್ಧ ಕತ್ತರಿಸುತ್ತಾ ಹೋಗುತ್ತದೆ, ಸಾವಿರಕ್ಕೆ ಸುಮಾರು 10 ಹೆಜ್ಜೆ. ಬೀಳುವ ಟೆಸ್ಟ್ ಒಂದು ಕೈಯಲ್ಲಿದ್ದರೆ ಬೈಸೆಕ್ಟ್ ರನ್‌ಗೆ ಅದನ್ನೇ ಕೊಟ್ಟು ಊಟಕ್ಕೆ ಹೋಗಿ.

ಪ್ರಶ್ನೆ: ಇದೆಲ್ಲ ಮಾಡಿ ದುಡ್ಡು ಬರ್ತದಾ ಅಂತ ಅಪ್ಪ ಕೇಳ್ತಾರೆ. ಸಿ ಅಷ್ಟಾಗಿ ಬರಲ್ಲ, ಶೆಲ್ (ಕಮಾಂಡ್ ಟೈಪ್ ಮಾಡುವ ಭಾಷೆ) ಸ್ವಲ್ಪ ಗೊತ್ತು.
– ಡಿಪ್ಲೊಮಾ ಮುಗಿಸಿದವನು, ಭದ್ರಾವತಿ

ಉತ್ತರ: ಹೆಚ್ಚಿನದಕ್ಕೆ ಬರುವುದಿಲ್ಲ, ಅಪ್ಪನಿಗೆ ಸುಳ್ಳು ಹೇಳಬೇಡಿ. ಆದರೆ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮದಲ್ಲಿ ಆಯ್ಕೆಯಾದವರಿಗೆ ಹಣ ಕೊಡುತ್ತಾರೆ, 18 ತುಂಬಿರಬೇಕು, ಈಗ ಕಾಲೇಜಿನಲ್ಲಿ ಇರಲೇಬೇಕು ಅಂತಿಲ್ಲ. ಗಿಟ್ ಯೋಜನೆಯೂ ಅದರಲ್ಲಿ ಭಾಗವಹಿಸಿದೆ, ಅರ್ಜಿಗೆ ಮೊದಲು ಒಂದು ಸಣ್ಣ ಕೆಲಸ ಮಾಡಿ ತೋರಿಸಬೇಕು. ಆ ಸಣ್ಣ ಕೆಲಸ ಎಷ್ಟೋ ಸಲ ಹಳೆಯ ಟೆಸ್ಟ್ ತಿದ್ದುವುದೇ. ಗಿಟ್‌ನ ಟೆಸ್ಟ್‌ಗಳೆಲ್ಲ ಬಹುಪಾಲು ಶೆಲ್‌ನಲ್ಲಿವೆ, ನಿಮಗೆ ಅನುಕೂಲ. ಹಳೆಯವುಗಳಲ್ಲಿ ಒಂದು ಕಮಾಂಡ್‌ನ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್‌ನ ಎಡಕ್ಕೆ ಗಿಟ್ ಇಟ್ಟು ಬಲಕ್ಕೆ ಪದ ಹುಡುಕುವ ಗ್ರೆಪ್ ಇಟ್ಟಿರುತ್ತಾರೆ. ಶೆಲ್ ನೋಡುವುದು ಕೊನೆಯ ಕಮಾಂಡ್‌ನ ಫಲಿತಾಂಶ ಮಾತ್ರ, ಎಡಗಡೆ ಗಿಟ್ ಬೇಕಾದಷ್ಟು ಅಳುತ್ತಾ ಕುಸಿದರೂ ಟೆಸ್ಟ್ ಪಾಸ್. ಗಿಟ್‌ನ ಉತ್ತರವನ್ನು ಮೊದಲು ಫೈಲ್‌ಗೆ ಬರೆಸಿ, ಆಮೇಲೆ ಅದರಲ್ಲಿ ಹುಡುಕುವ ಹಾಗೆ ಬದಲಿಸಿ. ಒಂದು ಸಲಕ್ಕೆ ಒಂದೇ ಫೈಲ್ ಹಿಡಿಯಿರಿ, ಹತ್ತು ಫೈಲ್ ತಿದ್ದಿ ಕಳಿಸಿದರೆ ಓದುವವರಿಗೆ ಬೇಸರ. ಗಿಟ್‌ಗೆ ಪ್ಯಾಚ್ (ತಿದ್ದುಪಡಿ) ಹೋಗುವುದು ಇಮೇಲ್‌ನಲ್ಲಿ, ಬರೀ ಅಕ್ಷರ, ನಾಲ್ಕೈದು ಕೆಬಿ. ಒಂದು ಕಡ್ಡಿ ಟವರ್ ಇದ್ದರೂ ಹೋಗುತ್ತದೆ.