ಸೈಕಲ್‌ಗೆ ಕೈಟಾರ್ಚ್: ಲ್ಯುಮೆನ್ ಒಂದನ್ನೇ ನೋಡಬೇಡಿ

ಬೀದಿದೀಪ ಇಲ್ಲದ ರಸ್ತೆಗೆ, ಹ್ಯಾಂಡಲ್‌ಗೆ ಕಟ್ಟೋಕೆ 5000 ಲ್ಯುಮೆನ್ (ಎಷ್ಟು ಬೆಳಕು ಬರುತ್ತದೆ ಅನ್ನೋ ಅಳತೆ) ಕೈಟಾರ್ಚ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಗಂಟೆಗೆ 20 ಕಿ.ಮೀ. ವೇಗಕ್ಕೆ 400–500 ಲ್ಯುಮೆನ್ ಸಾಕು, ಆದರೆ ಅದು ಒಂದೇ ಸಮ ಬರಬೇಕು. ಎಷ್ಟೋ ಟಾರ್ಚ್‌ಗಳು ಬಿಸಿಯಾದ ಕೂಡಲೇ ಮಂಕಾಗುತ್ತವೆ. ಸೆಲ್ ನೋಡಿದರೆ ಬಂಡವಾಳ ಗೊತ್ತಾಗುತ್ತದೆ: 18650 ಸೆಲ್ (ಇಂಥ ಟಾರ್ಚ್‌ಗೆ ಹಾಕುವ ರೀಚಾರ್ಜ್ ಬ್ಯಾಟರಿ) ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಅಂತ ಬರೆದಿದ್ದರೆ ಸುಳ್ಳು. ಒಳ್ಳೆಯ ಸೆಲ್ಲೇ 3500ರ ಆಸುಪಾಸು.

ಜೂಮ್ ಟಾರ್ಚ್, ಅಂದರೆ ಬೆಳಕನ್ನು ಹಿಗ್ಗಿಸಿ ಕುಗ್ಗಿಸೋ ಟಾರ್ಚ್, ಸುಮ್ನೆ ದಂಡ. ಜೂಮ್ ಮಾಡಿದರೆ ನಡುವೆ ಒಂದು ಚುಕ್ಕಿ ಬೆಳಗಿ, ಪಕ್ಕದ ಗುಂಡಿ ಕಾಣೋದೇ ಇಲ್ಲ. ಹೆಲ್ಮೆಟ್‌ಗಿಂತ ಹ್ಯಾಂಡಲ್ಲೇ ಒಳ್ಳೆಯದು. ಬೆಳಕು ತಗ್ಗಿನಿಂದ ಬಿದ್ದರೆ ಗುಂಡಿ, ಜಲ್ಲಿಗೆ ಉದ್ದ ನೆರಳು ಮೂಡಿ ಎದ್ದು ಕಾಣುತ್ತವೆ. ತುಸು ಕೆಳಕ್ಕೆ ಬಾಗಿಸಿ ಕಟ್ಟಿ, ಎದುರಿನವರ ಕಣ್ಣಿಗೆ ಹೊಡೆಯಬಾರದು ಅಲ್ವಾ. ಹಿಂದಕ್ಕೊಂದು ಕೆಂಪು ದೀಪ ದಯವಿಟ್ಟು ಹಾಕಿಸಿಕೊಳ್ಳಿ.