ಇಲ್ಲಿ ‘ಕೈ ಕೊಡು’ ಅಂದ್ರ ಹೆದರಬ್ಯಾಡ

ತಂಗಿ, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾದಾಗ 7 ಬಂದಾವ, ಆದ್ರೂ ಮ್ಯಾಂಚೆಸ್ಟರ್‌ನವರ ನುಡಿಗಟ್ಟು ತಿಳೀತಾವೋ ಇಲ್ಲೋ ಅಂತ ಕಲಬುರಗಿಯಿಂದ ಕೇಳಿದಿ. ಪುಸ್ತಕದಾಗಿನ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಬಾಯಿಪಾಠ ಮಾಡ್ಲಿಕ್ಕೆ ಕೂಡಬ್ಯಾಡ. ಇಲ್ಲಿ ಮಳಿಗೇನೂ ಬರ ಇಲ್ಲ, ಆದ್ರ ಆ ಮಾತು ಆಡೋರು ಭಾಳ ಕಡಿಮಿ. ಜೋರು ಮಳಿ ಬಂದ್ರ ‘ಚಕಿಂಗ್ ಇಟ್ ಡೌನ್’ ಅಂತಾರ. ಖರೇ ತ್ರಾಸು ಕೊಡೋವು, ಒಂದೊಂದು ಶಬ್ದ ಗೊತ್ತಿದ್ದೂ ಕೂಡಿದಾಗ ಅರ್ಥ ಬದಲಾಗೋವು.

‘ಗಿವ್ ಮಿ ಅ ಹ್ಯಾಂಡ್’ ತಗೋ. ನಮ್ಮಲ್ಲಿ ಕೈ ಕೊಟ್ಟ ಅಂದ್ರ ನಡುನೀರಾಗ ಬಿಟ್ಟು ಹೋದ ಅಂತ. ಇಲ್ಲಿ ಅದು ‘ಸ್ವಲ್ಪ ಸಹಾಯ ಮಾಡು’ ಅನ್ನೋ ಮಾತು. ‘ಪುಲಿಂಗ್ ಯುವರ್ ಲೆಗ್’ ಬರೀ ಚಾಷ್ಟಿ, ಯಾರನ್ನೂ ಕೆಡವೋದಲ್ಲ.

ಮುಂಜಾನಿ ಎದುರಾದವರು ‘ಯೂ ಆಲ್‌ರೈಟ್?’ ಅಂತಾರ. ಅದು ನಮ್ಮ ‘ಊಟ ಆಯ್ತೇನ್ರಿ?’ ಇದ್ದಂಗ. ರೊಟ್ಟಿ ಎಷ್ಟು ತಿಂದಿ ಅಂತ ಅಲ್ಲಿ ಯಾರು ಲೆಕ್ಕ ಕೇಳ್ತಾರ? ‘ಯಾ, ಯೂ?’ ಅಂದು ನಡೀತಿರು. ಮೊಣಕಾಲು ಬ್ಯಾನಿ ಹೇಳ್ಲಿಕ್ಕೆ ನಿಂತ್ರ ಕೇಳಿದವರೇ ಕಂಗಾಲಾಗ್ತಾರ.

‘ಹಾಫ್ ಸೆವೆನ್’ ಅಂದ್ರ ಏಳೂವರಿ, 7:30. ಆರೂವರಿಗೆ ಹೋಗಿ ಬಾಗಿಲು ಬಡೀಬ್ಯಾಡ. ಇಂಗ್ಲೆಂಡಿನ ಈ ಉತ್ತರದ ಕಡಿ ‘ಟೀ’ ಅಂದ್ರ ಭಾಳ ಮನ್ಯಾಗ ಸಂಜಿ ಊಟ. ಚಹಾಕ್ಕ ಕರದಾರ ಅಂತ ಹೊಟ್ಟಿ ತುಂಬ ಉಂಡು ಹೋದ್ರ ಅಲ್ಲಿ ತಾಟು ಹಚ್ಚಿರ್ತಾರ. ಆದ್ರ ‘ವಿ ಮಸ್ಟ್ ಹ್ಯಾವ್ ಯೂ ರೌಂಡ್ ಸಮ್‌ಟೈಮ್’, ಅಂದ್ರ ಒಮ್ಮೆ ನಿನ್ನ ಮನಿಗೆ ಕರೀಬೇಕು, ಅಂದು ದಿನ, ವ್ಯಾಳ್ಯಾ ಹೇಳಲಿಲ್ಲ ಅಂದ್ರ ಅದು ಉಪಚಾರದ ಮಾತು, ಕಾಯಬ್ಯಾಡ.

ಮೀಟಿಂಗಿನಾಗ ಕಿವಿ ಇನ್ನೂ ಚುರುಕು ಇರಲಿ. ನಿನ್ನ ಕೆಲಸಕ್ಕ ‘ಕ್ವೈಟ್ ಗುಡ್’ ಅಂದ್ರ ಹಿಗ್ಗಬ್ಯಾಡ. ಅಮೆರಿಕದವರ ಬಾಯಾಗ ಅದು ‘ಭಾಳ ಚಲೋ’, ಬ್ರಿಟಿಷರ ಬಾಯಾಗ ಹೆಚ್ಚಾಗಿ ‘ನಡೀತದ’. ‘ವಿತ್ ರೆಸ್ಪೆಕ್ಟ್’ ಅಂತ ಶುರು ಮಾಡಿದ್ರ ಮುಂದ ಬರೋದು ನೀ ಹೇಳಿದ್ದು ತಪ್ಪು ಅಂತ. ಎಲ್ಲಕ್ಕಿಂತ ಕಠಿಣ ‘ಟೇಬಲ್’. ‘ಲೆಟ್ಸ್ ಟೇಬಲ್ ದಿಸ್’ ಅಂದ್ರ ಬ್ರಿಟನ್ನಿನಾಗ ಈಗ ಚರ್ಚಾಕ್ಕ ತಗೋಳೋದು, ಅಮೆರಿಕದಾಗ ಸದ್ಯ ಬದಿಗಿಡೋದು. ಎರಡೂ ದೇಶದವರು ಒಂದೇ ಕಾಲ್‌ನಾಗ ಇದ್ರ ಅಲ್ಲೇ ‘ಸೋ ವಿ ಆರ್ ಡಿಸ್ಕಸಿಂಗ್ ಇಟ್ ಟುಡೇ?’ ಅಂತ ಸಾದಾ ಮಾತಿನಾಗ ಕೇಳಿ ಖಾತ್ರಿ ಮಾಡ್ಕೋ. ಕೇಳಿದ್ರ ಮರ್ಯಾದಿ ಹೋಗಂಗಿಲ್ಲ.

ನೀನು ಆಡುವಾಗ ನುಡಿಗಟ್ಟಿಗೆ ಅವಸರ ಮಾಡಬ್ಯಾಡ, ಒಂದು ಶಬ್ದ ಬದಲಾದ್ರ ಕೆಡ್ತದ. ‘ಪೀಸ್ ಆಫ್ ಕೇಕ್’ ಬದಲು ‘ಸ್ಲೈಸ್ ಆಫ್ ಕೇಕ್’ ಅಂದ್ರ ಸಲೀಸು ಕೆಲಸ ಅನ್ನೋ ಅರ್ಥ ಹೋಗಿ ತಿನ್ನೋ ಕೇಕ್ ಅಷ್ಟೇ ಉಳೀತದ. ಅದಕ್ಕಿಂತ ಮೊದಲು ನಮ್ಮೂರ ಇಂಗ್ಲಿಷ್ ತಿದ್ಕೋ. ‘ಐ ಪಾಸ್ಡ್ ಔಟ್ ಇನ್ 2022’ ಅಂದ್ರ ಇಲ್ಲಿಯವರಿಗೆ ನೀ ಎಚ್ಚರ ತಪ್ಪಿ ಬಿದ್ದಿ ಅಂತ, ‘ಗ್ರಾಜುಯೇಟೆಡ್’ ಅನ್ನು. ‘ಐ ಹ್ಯಾವ್ ಅ ಡೌಟ್’ ಅಂದ್ರ ಅವರ ಮಾತಿನ ಮ್ಯಾಲೆ ನಂಬಿಕಿ ಇಲ್ಲ ಅನ್ನಿಸ್ತದ, ‘ಕ್ವೆಶ್ಚನ್’ ಸಾಕು. ಇನ್ನ ಅಂಗಡ್ಯಾಗ ‘ಪ್ಯಾಂಟ್ಸ್’ ಕೇಳಿದ್ರ ಒಳಉಡುಪಿನ ಕಡಿ ಕೈ ತೋರಸ್ಬಹುದು. ‘ಟ್ರೌಸರ್ಸ್’ ಅಂತ ಕೇಳು.