ಜಾರುವ ಬಟ್ಟೆಯ ಅಂಚನ್ನು ಮಡಚಿ ಹೊಲಿಯುವ ಬಗೆ

ನಮಸ್ಕಾರ. ಚಾರಣಕ್ಕೆ ಒಯ್ಯಲು ಸಿಲಿಕೋನ್ ಲೇಪನದ ತೆಳು ನೈಲಾನ್ ಬಟ್ಟೆಯಲ್ಲಿ ಟಾರ್ಪ್ (ಮಳೆ ಗಾಳಿಗೆ ಮರೆಯಾಗಿ ಹಗ್ಗದಿಂದ ಕಟ್ಟುವ ಹೊದಿಕೆ) ಹೊಲಿಯುತ್ತಿರುವುದಾಗಿ ಬರೆದಿದ್ದೀರಿ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದಗಳಲ್ಲಿ ಅಂಚನ್ನು ತಾನೇ ಸುತ್ತಿ ಮಡಚುವಂಥದಾದ ರೋಲ್ಡ್ ಹೆಮ್ ಫೂಟಿನ ಸುರುಳಿಯಿಂದ ಬಟ್ಟೆ ಮತ್ತೆ ಮತ್ತೆ ಜಾರಿ ಹೊರಬರುತ್ತಿದೆ, ಹೊಲಿದಷ್ಟು ಅಂಚೂ ಹಗ್ಗದಂತೆ ತಿರುಚಿಕೊಂಡು ಅಲೆಯಲೆಯಾಗಿ ನಿಂತಿದೆ, ಹಾಗಾದರೆ ಬೇರೆ ಫೂಟ್ ಕೊಳ್ಳಬೇಕೇ ಅಥವಾ ಯಂತ್ರವನ್ನೇ ಬದಲಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಎರಡೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸದ್ಯಕ್ಕೆ ಆ ಫೂಟನ್ನು ತೆಗೆದಿಟ್ಟು, ಯಂತ್ರದ ಸಾಮಾನ್ಯ ಫೂಟಿನಲ್ಲೇ, ಕೈಯಿಂದ ಮಡಚಿ, ಎರಡು ಸುತ್ತಿನಲ್ಲಿ ಹೊಲಿಯುವುದನ್ನು ಮೊದಲು ಕಲಿಯಿರಿ. ಈ ಬಟ್ಟೆಯಲ್ಲಿ ಅಂಚು ಚೆನ್ನಾಗಿ ಬರುವುದೂ ಕೆಡುವುದೂ ಮಡಿಕೆ ಸೂಜಿಯ ಕೆಳಗೆ ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ.

ಅಂಚು ತಿರುಚಿಕೊಳ್ಳುವುದೇಕೆ ಎಂಬುದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಯಂತ್ರದ ಹಲ್ಲುಗಳು ಕೆಳಗಿನ ಪದರವನ್ನು ಮಾತ್ರ ಹಿಡಿದು ಮುಂದಕ್ಕೆ ಒಯ್ಯುತ್ತವೆ, ಮೇಲಿನ ಪದರವನ್ನು ಫೂಟ್ ಒತ್ತಿ ಹಿಡಿದಿರುತ್ತದೆ. ಹತ್ತಿಬಟ್ಟೆಯಲ್ಲಿ ಪದರಗಳು ಒಂದನ್ನೊಂದು ಕಚ್ಚಿಕೊಂಡು ಒಟ್ಟಿಗೆ ಸಾಗುತ್ತವೆ. ಸಿಲಿಕೋನ್ ಲೇಪನವಿರುವಲ್ಲಿ ಆ ಕಚ್ಚುವಿಕೆ ಇರುವುದಿಲ್ಲವಾದ್ದರಿಂದ ಕೆಳಗಿನದು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತದೆ, ಒಂದು ಹೊಲಿಗೆಗೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಒಂದು ಮೀಟರು ಹೊಲಿಯುವ ಹೊತ್ತಿಗೆ ಅದು ಕೂಡಿ ಕೂಡಿ ಮಡಿಕೆ ಓರೆಯಾಗಿ ತಿರುಗುತ್ತದೆ. ಆದ್ದರಿಂದ ಅಂಚನ್ನು ಎರಡು ಸಲ ಮಡಚಿದಾಗ ಆಗುವ ಮೂರೂ ಪದರಗಳನ್ನು ಒಂದೇ ಸಲಕ್ಕೆ ಹಿಡಿಯಲು ಹೋಗದೆ, ಮೊದಲು ಎರಡನ್ನು ಬಂಧಿಸಿಕೊಳ್ಳುವುದೇ ಪರಿಹಾರ.

ಕ್ರಮ ಹೀಗಿದೆ. 6 ಮಿ.ಮೀ. ಅಗಲದ ಅಂಚು ಬೇಕಿದ್ದರೆ ಅಳತೆಗೆ 12 ಮಿ.ಮೀ. ಹೆಚ್ಚು ಬಟ್ಟೆ ಬಿಟ್ಟು ಕತ್ತರಿಸಿ. ಕತ್ತರಿಸಿದ ಅಂಚನ್ನು ಟಾರ್ಪಿನ ಒಳಮುಖಕ್ಕೆ 6 ಮಿ.ಮೀ. ಮಡಚಿ, ಆ ಕತ್ತರಿಸಿದ ಅಂಚಿನಿಂದ ಸುಮಾರು 2 ಮಿ.ಮೀ. ದೂರದಲ್ಲಿ, 4 ಮಿ.ಮೀ. ಉದ್ದದ ಹೊಲಿಗೆಯಲ್ಲಿ ಪೂರ್ತಿ ಉದ್ದಕ್ಕೂ ಒಂದು ಸಾಲು ಹೊಲಿಯಿರಿ. ಅನಂತರ ಕತ್ತರಿಸಿದ ಅಂಚು ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಸರಿಯಾಗಿ ಇನ್ನೊಮ್ಮೆ ಮಡಚಿ. ಅಲ್ಲಿ ಬಟ್ಟೆಯ ದಪ್ಪ ಬದಲಾಗುವುದರಿಂದ ಮಡಿಕೆ ತಾನಾಗಿಯೇ ಆ ಗೆರೆಯಲ್ಲಿ ತಿರುಗುತ್ತದೆ, ಎರಡನೆಯ ಸಲ ಅಳತೆಪಟ್ಟಿಯೇ ಬೇಕಾಗುವುದಿಲ್ಲ. ಈಗ ಒಳ ಮಡಿಕೆಯ ತುದಿಯಿಂದ ಒಂದೂವರೆ ಮಿ.ಮೀ. ಬಿಟ್ಟು ಅಂತಿಮ ಸಾಲು ಹೊಲಿಯಿರಿ. ಮೊದಲ ಸಾಲಿನ ರಂಧ್ರಗಳು ಮಡಿಕೆಯ ಎರಡು ಪದರಗಳಲ್ಲಷ್ಟೇ ಉಳಿದು, ಟಾರ್ಪಿನ ಮೈಗೆ ತಾಗುವುದೇ ಇಲ್ಲ. ನೀರು ಒಸರುತ್ತದೆಂಬ ಅಂಜಿಕೆಯಿಂದ ಎರಡು ಸಾಲು ಹೊಲಿಯಲು ಹಿಂಜರಿಯುವವರಿಗೆ ಇದನ್ನು ವಿಶೇಷವಾಗಿ ಹೇಳಬಯಸುತ್ತೇನೆ.

ಮಡಿಕೆ ಕೂರಿಸಲು ಇಸ್ತ್ರಿ ಪೆಟ್ಟಿಗೆಯನ್ನು ಬಳಸಬೇಡಿ, ತೆಳು ನೈಲಾನ್ ಬಿಸಿಗೆ ಬೇಗ ಮುದುಡುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು ಹೆಬ್ಬೆರಳಿನ ಉಗುರಿನಿಂದಲೋ ಚಮಚದ ಬೆನ್ನಿನಿಂದಲೋ ಗಟ್ಟಿಯಾಗಿ ಉಜ್ಜಿದರೆ ಹೊಲಿದು ಮುಗಿಯುವವರೆಗೆ ಮಡಿಕೆ ನಿಲ್ಲುತ್ತದೆ. ಗುಂಡುಸೂಜಿಯನ್ನು ಟಾರ್ಪಿನ ಮೈಗೆ ಚುಚ್ಚಬೇಡಿ, ಕ್ಲಿಪ್ಪುಗಳನ್ನು ಒಂದು ಗೇಣಿಗೊಂದರಂತೆ ಹಾಕಿ ಸೂಜಿಯ ಸಮೀಪ ಬಂದಾಗ ಒಂದೊಂದಾಗಿ ತೆಗೆಯಿರಿ. ಕತ್ತರಿಸುವಾಗ ಅಂಚನ್ನು ಬಿಸಿ ಅಲಗಿನಿಂದ ಕರಗಿಸುವ ಅಭ್ಯಾಸ ಕೆಲವರಿಗಿದೆ. ಎರಡು ಸಲ ಮಡಚುವಲ್ಲಿ ಬಿಡಿ ಎಳೆಗಳು ಹೇಗೂ ಒಳಗೆ ಅಡಗುವುದರಿಂದ ಅದರ ಅಗತ್ಯವಿಲ್ಲ, ಮೇಲಾಗಿ ಕರಗಿ ಗಟ್ಟಿಯಾದ ಅಂಚು ಮಡಿಕೆಯೊಳಗೆ ಗಂಟುಗಂಟಾಗಿ ಕೈಗೆ ಸಿಗುತ್ತದೆ.

ಸೂಜಿಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಈ ಬಟ್ಟೆಗೆ 70 ಅಥವಾ 80ನೆಯ ಸಂಖ್ಯೆಯ, ಮೈಕ್ರೋಟೆಕ್ಸ್ ಎಂಬ ಹೆಸರಿನಲ್ಲಿ ಸಿಗುವ ಚೂಪು ಮೊನೆಯ ಸೂಜಿ ಬೇಕು. ಆ ಸಂಖ್ಯೆ ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೆಯ ಭಾಗದಲ್ಲಿ ಹೇಳುತ್ತದೆ, ಅಂದರೆ 70 ಎಂದರೆ 0.70 ಮಿ.ಮೀ. ದುಂಡು ಮೊನೆಯ ಸೂಜಿ ಹೆಣೆದ ಬಟ್ಟೆಗಾಗಿ ಮಾಡಿದ್ದು. ಒತ್ತಾಗಿ ನೇಯ್ದು ಲೇಪನ ಹಚ್ಚಿದ ಬಟ್ಟೆಯಲ್ಲಿ ಅದು ಎಳೆಗಳನ್ನು ಎಳೆದು ಸುಕ್ಕು ತರುತ್ತದೆ. ದಾರ ಪಾಲಿಯೆಸ್ಟರ್ ಆಗಿರಲಿ, ಹತ್ತಿಯ ದಾರ ತೇವದಲ್ಲಿ ಕೊಳೆಯುತ್ತದೆ. ಅಂತಿಮ ಸಾಲಿನ ಹೊಲಿಗೆಯ ಉದ್ದವನ್ನು 3ರಿಂದ 3.5 ಮಿ.ಮೀ.ಗೆ ಇಡಿ. ಚಿಕ್ಕ ಹೊಲಿಗೆಯೇ ಗಟ್ಟಿ ಎಂಬ ನಂಬಿಕೆ ಇಲ್ಲಿ ಸಲ್ಲದು: 2 ಮಿ.ಮೀ. ಹೊಲಿಗೆಯಲ್ಲಿ ಒಂದು ಮೀಟರಿಗೆ 500 ರಂಧ್ರಗಳಾಗುತ್ತವೆ, 3 ಮಿ.ಮೀ.ನಲ್ಲಿ ಸುಮಾರು 333. ರಂಧ್ರಗಳು ಒತ್ತೊತ್ತಾದಷ್ಟೂ ಬಟ್ಟೆ ಆ ಸಾಲಿನಲ್ಲೇ ಹರಿಯುವ ಸಂಭವ ಹೆಚ್ಚು. ಬಿಚ್ಚಿದರೂ ಈ ರಂಧ್ರಗಳು ಮುಚ್ಚಿಕೊಳ್ಳುವುದಿಲ್ಲ. ನನ್ನ ಮೊದಲ ಟಾರ್ಪಿನಲ್ಲಿ ಒಂದು ಬದಿಯನ್ನು ಎರಡು ಸಲ ಬಿಚ್ಚಿ ಅದೇ ಗೆರೆಯಲ್ಲಿ ಮೂರನೆಯ ಸಲ ಹೊಲಿದಿದ್ದೆ, ಗಾಳಿಗೆ ಮೊದಲು ಸೀಳಿದ್ದು ಆ ಬದಿಯೇ. ಬಿಚ್ಚಲೇಬೇಕಾಗಿ ಬಂದರೆ ಹಳೆಯ ರಂಧ್ರಗಳ ಸಾಲು ಮಡಿಕೆಯೊಳಗೆ ಸೇರುವಂತೆ ಅಂಚನ್ನು ಇನ್ನಷ್ಟು ಒಳಗೆ ಮಡಚಿಕೊಳ್ಳಿ.

ಹೊಲಿಯುವಾಗ ಎರಡೂ ಕೈಗಳಿಗೆ ಕೆಲಸವಿದೆ. ಎಡಗೈ ಫೂಟಿನ ಹಿಂದೆ, ಬಲಗೈ ಒಂದು ಗೇಣು ಮುಂದೆ, ಎರಡೂ ಅಂಚನ್ನು ಸಮನಾಗಿ ಬಿಗಿ ಹಿಡಿದು, ಯಂತ್ರ ಎಳೆಯುವ ವೇಗಕ್ಕೇ ಜೊತೆಯಾಗಿ ಸಾಗಬೇಕು. ಹಿಂದಿನ ಕೈ ಎಳೆದು ಬಟ್ಟೆಯನ್ನು ಓಡಿಸಿದರೆ ಸೂಜಿ ಬಾಗಿ ಅದರ ಕೆಳಗಿನ ಲೋಹದ ತಟ್ಟೆಗೆ ಬಡಿಯುತ್ತದೆ. ಅಂಚು ಸಾಲಿನುದ್ದಕ್ಕೂ ಸುಕ್ಕಾಗುತ್ತಿದ್ದರೆ ಮೇಲ್ದಾರದ ಟೆನ್ಷನ್ (ಬಿಗಿತ) ಸಡಿಲಿಸಿ, ಅಲೆಯಲೆಯಾಗುತ್ತಿದ್ದರೆ ನೀವು ಹಿಗ್ಗಿಸುತ್ತಿದ್ದೀರಿ ಅಥವಾ ಫೂಟಿನ ಒತ್ತಡ ಹೆಚ್ಚಾಗಿದೆ ಎಂದು ತಿಳಿಯಿರಿ. ಇವೆರಡನ್ನೂ ಒಂದೇ ದೋಷವೆಂದು ಎಣಿಸಿದರೆ ತಿರುಗುಮುರುಗಾಗಿ ಸರಿಪಡಿಸಲು ಹೊರಟಂತಾಗುತ್ತದೆ. ಸಾಲಿನ ಆರಂಭದಲ್ಲಿ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡು, ಅಂಚಿನಿಂದ 1 ಸೆಂ.ಮೀ. ಒಳಗೆ ಮೊದಲ ಹೊಲಿಗೆ ಹಾಕಿ, ಹಿಂದಕ್ಕೆ ಬಂದು ಮುಂದೆ ಸಾಗಿದರೆ ತೆಳು ಬಟ್ಟೆ ತಟ್ಟೆಯ ರಂಧ್ರದೊಳಗೆ ಇಳಿಯುವುದಿಲ್ಲ.

ಟಾರ್ಪಿಗೆ ಕೈ ಹಚ್ಚುವ ಮೊದಲು ಅದೇ ಬಟ್ಟೆಯ ಮೂರು ಪಟ್ಟಿಗಳನ್ನು, ಒಂದೊಂದೂ 10 ಸೆಂ.ಮೀ. ಅಗಲ ಮತ್ತು ಒಂದು ಮೀಟರು ಉದ್ದ, ಒಂದು ಹಾಸಿನ ದಿಕ್ಕಿಗೆ, ಒಂದು ಹೊಕ್ಕಿನ ದಿಕ್ಕಿಗೆ, ಮತ್ತೊಂದು ಓರೆಯಾಗಿ ಕತ್ತರಿಸಿ ಅಭ್ಯಾಸ ಮಾಡಿ. ಮೂರೂ ಬೇರೆ ಬೇರೆ ರೀತಿಯಲ್ಲಿ ಹಿಗ್ಗುವುದು ಕೈಗೇ ಗೊತ್ತಾಗುತ್ತದೆ. ಓರೆಯ ಪಟ್ಟಿ ಎಲ್ಲರಿಗೂ ಮೊದಲು ಕೆಡುತ್ತದೆ, ಅದಕ್ಕಾಗಿ ಬೇಸರಿಸಬೇಡಿ.

ಓರೆಯ ಅಭ್ಯಾಸ ಯಾಕೆಂದರೆ ನಿಮ್ಮ ಟಾರ್ಪಿನ ಬದಿಗಳು ಒಳಬಾಗಿದ ಕಮಾನಾಗಿವೆ. ಒಳಬಾಗಿದ ಅಂಚನ್ನು ಮಡಚುವುದು ಆಗುವುದೇ ಇಲ್ಲವೆಂದು ಈ ಚರ್ಚೆಯಲ್ಲಿ ಒಬ್ಬರು ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಭಯ ಹೋಗುತ್ತದೆ: 3 ಮೀಟರು ಉದ್ದದ ಬದಿ ನಡುವೆ 10 ಸೆಂ.ಮೀ. ಒಳಬಾಗಿದ್ದರೆ, 6 ಮಿ.ಮೀ. ಅಂಚಿನ ಒಳ ಮಡಿಕೆ ಹೋಗಿ ಕೂರಬೇಕಾದ ಗೆರೆ ಅದಕ್ಕಿಂತ ಸುಮಾರು 3 ಮಿ.ಮೀ. ಮಾತ್ರ ಉದ್ದವಿರುತ್ತದೆ. 3 ಮೀಟರಿನಲ್ಲಿ 3 ಮಿ.ಮೀ. ಹಿಗ್ಗುವುದು ಈ ಬಟ್ಟೆಗೆ ಏನೂ ಅಲ್ಲ, ಆದರೆ ಆ ಹಿಗ್ಗು ಉದ್ದಕ್ಕೂ ಹಂಚಿಹೋಗಬೇಕು. ಅಂಚಿನ ಮಧ್ಯಬಿಂದುವನ್ನು ಮೊದಲು ಕ್ಲಿಪ್ ಹಾಕಿ, ಅನಂತರ ಕಾಲುಭಾಗಗಳನ್ನು, ಹೀಗೆ ಅರ್ಧರ್ಧವಾಗಿ ಹಿಡಿಯುತ್ತ ಹೋದರೆ ಅದು ಹಂಚಿಹೋಗುತ್ತದೆ; ಒಂದು ತುದಿಯಿಂದ ಹೊರಟರೆ ಎಲ್ಲವೂ ಕೊನೆಯ ಮೂಲೆಯಲ್ಲಿ ನೆರಿಗೆಯಾಗಿ ಕೂಡುತ್ತದೆ. ಅಂಚಿನ ಅಗಲ ಇಮ್ಮಡಿಯಾದರೆ ಈ ವ್ಯತ್ಯಾಸವೂ ಇಮ್ಮಡಿಯಾಗುತ್ತದೆ, ಆದ್ದರಿಂದ ಬಾಗಿದ ಬದಿಗೆ ಕಿರಿದಾದ ಅಂಚೇ ಲೇಸು.

ತೆಗೆದಿಟ್ಟ ಫೂಟಿನ ಸರದಿ ಇದಾದ ಮೇಲೆ. ಅದು ಒಳ್ಳೆಯ ಸಾಧನ, ಆದರೆ ನೇರ ಅಂಚಿಗೆ. 2 ಮಿ.ಮೀ.ನ ಫೂಟ್ ದುಪಟ್ಟಾದಂಥ ಹಗುರ ಬಟ್ಟೆಗೆ ಸರಿ, ಟಾರ್ಪಿಗೆ 6 ಮಿ.ಮೀ.ನದು ಬೇಕು. ಮೊದಲ 5 ಸೆಂ.ಮೀ. ಕೈಯಿಂದ ಮಡಚಿ ಕೆಲವು ಹೊಲಿಗೆ ಹಾಕಿ, ಸೂಜಿ ಬಟ್ಟೆಯಲ್ಲೇ ಇರುವಂತೆ ಫೂಟ್ ಎತ್ತಿ, ಮುಂದಿನ ಅಂಚನ್ನು ಸುರುಳಿಯೊಳಗೆ ಸೇರಿಸಿ ಫೂಟ್ ಇಳಿಸಿ. ಬಟ್ಟೆ ಸುರುಳಿಯ ಬಾಯಿ ತುಂಬುವಷ್ಟೇ ಹೋಗಬೇಕು: ಹೆಚ್ಚಾದರೆ ಅಂಚು ದಪ್ಪಗಾಗಿ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಕತ್ತರಿಸಿದ ಅಂಚು ಹೊರಗೆ ಉಳಿಯುತ್ತದೆ. ಎರಡು ತುಂಡು ಬಟ್ಟೆಗಳನ್ನು ಕೂಡಿಸಿದ ಜೋಡುಹೊಲಿಗೆ ಅಡ್ಡ ಬರುವ ಜಾಗದಲ್ಲಿ ಸುರುಳಿ ಕೆಲಸ ಮಾಡುವುದಿಲ್ಲ. ಅಲ್ಲಿ ನಿಲ್ಲಿಸಿ ಕೈಯಿಂದ ಮಡಚಿ ದಾಟಿಸಿ.

ಮೂಲೆಗಳಲ್ಲಿ ಎದುರುಬದುರಿನ ಎರಡು ಬದಿಗಳನ್ನು ಮೊದಲು ಮುಗಿಸಿ, ಆಮೇಲೆ ಉಳಿದೆರಡನ್ನು ಹೊಲಿಯಿರಿ. ಮೂರು ಪದರದ ಅಂಚು ಇನ್ನೊಂದು ಮೂರು ಪದರದ ಅಂಚನ್ನು ದಾಟುವಲ್ಲಿ ಒಂಬತ್ತು ಪದರಗಳಾಗುತ್ತವೆ, ಮನೆಬಳಕೆಯ ಯಂತ್ರ ಅಲ್ಲೇ ತಡವರಿಸುತ್ತದೆ. ಮಡಚುವ ಮುನ್ನ ಮೂಲೆಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ದಪ್ಪ ಇಳಿಯುತ್ತದೆ, ಅಲ್ಲಿ ಪೆಡಲಿನ ಬದಲು ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸುವುದು ಕ್ಷೇಮ. ಹೊರ ಅಂಚಿನ ಹೊಲಿಗೆಗೆ ಸೀಲರ್ (ಹೊಲಿಗೆಯ ರಂಧ್ರಗಳನ್ನು ಮುಚ್ಚುವ ಅಂಟು) ಹಚ್ಚಬೇಕಿಲ್ಲ, ಅಲ್ಲಿ ತೊಟ್ಟಿಕ್ಕಿದ ನೀರು ಹೊರಗೇ ಬೀಳುತ್ತದೆ. ನಡುವಿನ ಜೋಡುಹೊಲಿಗೆಗೂ ಹಗ್ಗ ಕಟ್ಟುವ ಜಾಗಗಳಿಗೂ ಹಚ್ಚಿ, ಮತ್ತು ಅದು ಸಿಲಿಕೋನಿನದೇ ಆಗಿರಲಿ, ಈ ಲೇಪನದ ಮೇಲೆ ಬೇರೆಯದು ಅಂಟುವುದಿಲ್ಲ.

ಮೂರು ಪಟ್ಟಿಗಳನ್ನು ಹೊಲಿದ ಮೇಲೆ ಅವುಗಳ ಎರಡೂ ಮಗ್ಗುಲಿನ ಚಿತ್ರವನ್ನು ಇಲ್ಲಿ ಹಾಕಿ. ದಾರದ ಗಂಟು ಯಾವ ಮುಖದಲ್ಲಿ ಕಾಣುತ್ತಿದೆ ಎಂಬುದನ್ನು ನೋಡಿ ಟೆನ್ಷನ್ನನ್ನು ಎತ್ತ ತಿರುಗಿಸಬೇಕೆಂದು ಹೇಳುತ್ತೇನೆ.